ವಿಲಿಯಂ ಬ್ಯಾಂಟಿಂಗ್

ವಿಲಿಯಂ ಬ್ಯಾಂಟಿಂಗ್ (ಸುಮಾರು 1796 – 16 ಮಾರ್ಚ್ 1878) ಲಂಡನ್ನಿನ ಹೆಸರಾಂತ ಶವಸಂಸ್ಕಾರ ವ್ಯವಸ್ಥಾಪಕರು. ಬ್ರಿಟನ್ನಿನ ರಾಜಮನೆತನದ ಅಂತ್ಯಕ್ರಿಯೆಗಳ ಹೊಣೆ ಹೊತ್ತಿದ್ದ ಕುಟುಂಬಕ್ಕೆ ಸೇರಿದವರು. ಆದರೆ ಅವರ ಹೆಸರು ಇಂದಿಗೂ ಉಳಿದಿರುವುದು ಈ ವೃತ್ತಿಯಿಂದಲ್ಲ, 1863ರಲ್ಲಿ ಅವರು ಪ್ರಕಟಿಸಿದ ಒಂದು ಕಿರುಹೊತ್ತಿಗೆಯಿಂದ. ಮೂರು ದಶಕಗಳ ಕಾಲ ತಮ್ಮನ್ನು ಕಾಡಿದ ಸ್ಥೂಲಕಾಯ, ಅದಕ್ಕಾಗಿ ಕಂಡ ವೈದ್ಯರು, ವಿಫಲವಾದ ಚಿಕಿತ್ಸೆಗಳು ಮತ್ತು ಕೊನೆಗೆ ಫಲ ನೀಡಿದ ಆಹಾರಕ್ರಮ, ಇವುಗಳನ್ನು ಅವರು ಅದರಲ್ಲಿ ವಿವರಿಸಿದ್ದಾರೆ. ಸಕ್ಕರೆ ಮತ್ತು ಪಿಷ್ಟವನ್ನು ಮಿತಗೊಳಿಸಿ ತೂಕ ಇಳಿಸುವ ವಿಧಾನವನ್ನು ಜನಸಾಮಾನ್ಯರಲ್ಲಿ ಪ್ರಚುರಪಡಿಸಿದ ಮೊದಲ ಕೃತಿಗಳಲ್ಲಿ ಇದು ಪ್ರಮುಖವಾದುದು.

ಇನ್ಸುಲಿನ್ ಶೋಧಕರಲ್ಲಿ ಒಬ್ಬರಾದ ಕೆನಡಾದ ಫ್ರೆಡರಿಕ್ ಬ್ಯಾಂಟಿಂಗ್ (1891–1941) ಬೇರೆ ವ್ಯಕ್ತಿ. ಇಬ್ಬರ ಹೆಸರೂ ಆಹಾರ ಮತ್ತು ಮಧುಮೇಹದ ಚರ್ಚೆಗಳಲ್ಲಿ ಬರುವುದರಿಂದ ಗೊಂದಲವಾಗುವುದುಂಟು.

ಕುಟುಂಬ ಮತ್ತು ವೃತ್ತಿ

ಬ್ಯಾಂಟಿಂಗ್ ಕುಟುಂಬದ ವ್ಯಾಪಾರ ಲಂಡನ್ನಿನ ಸೇಂಟ್ ಜೇಮ್ಸ್ ಸ್ಟ್ರೀಟಿನಲ್ಲಿತ್ತು. ಅಂದಿನ ಇಂಗ್ಲೆಂಡಿನಲ್ಲಿ ಪೀಠೋಪಕರಣ ತಯಾರಿಕೆ ಮತ್ತು ಶವಸಂಸ್ಕಾರದ ವ್ಯವಸ್ಥೆ ಒಂದೇ ಅಂಗಡಿಯವರ ಕೆಲಸವಾಗಿರುವುದು ಸಾಮಾನ್ಯವಾಗಿತ್ತು. ಮರಗೆಲಸ, ಬಟ್ಟೆಯ ಹೊದಿಕೆ ಮತ್ತು ಅಲಂಕಾರದ ಕೌಶಲ ಎರಡಕ್ಕೂ ಬೇಕಾಗಿದ್ದುದೇ ಇದಕ್ಕೆ ಕಾರಣ.

1820ರಲ್ಲಿ ಮೂರನೆಯ ಜಾರ್ಜ್, 1830ರಲ್ಲಿ ನಾಲ್ಕನೆಯ ಜಾರ್ಜ್, 1852ರಲ್ಲಿ ವೆಲಿಂಗ್ಟನ್ನಿನ ಡ್ಯೂಕ್ ಮತ್ತು 1861ರಲ್ಲಿ ವಿಕ್ಟೋರಿಯಾ ರಾಣಿಯ ಪತಿ ಆಲ್ಬರ್ಟ್ ಅವರ ಅಂತ್ಯಕ್ರಿಯೆಗಳ ವ್ಯವಸ್ಥೆಯನ್ನು ಈ ಕುಟುಂಬ ನೋಡಿಕೊಂಡಿತು. ವಿಲಿಯಂ ಅವರ ನಿಧನದ ನಂತರವೂ ಈ ಗೌರವ ಮುಂದುವರಿಯಿತು. 1901ರಲ್ಲಿ ವಿಕ್ಟೋರಿಯಾ ಮತ್ತು 1910ರಲ್ಲಿ ಏಳನೆಯ ಎಡ್ವರ್ಡ್ ಅವರ ಅಂತ್ಯಕ್ರಿಯೆಗಳಲ್ಲಿಯೂ ಬ್ಯಾಂಟಿಂಗ್ ಸಂಸ್ಥೆಯೇ ಕೆಲಸ ಮಾಡಿತು.

ಸುಮಾರು ಐವತ್ತು ವರ್ಷ ವ್ಯಾಪಾರ ನಡೆಸಿ ವಿಲಿಯಂ ಬ್ಯಾಂಟಿಂಗ್ ನಿವೃತ್ತರಾದರು. ಕ್ರಮ, ಅಚ್ಚುಕಟ್ಟು ಮತ್ತು ಸಮಯಪಾಲನೆಗೆ ಅವರು ಬಹಳ ಬೆಲೆ ಕೊಡುತ್ತಿದ್ದರು. ತಮ್ಮ ಸ್ಥೂಲಕಾಯಕ್ಕೆ ಸೋಮಾರಿತನವಾಗಲಿ ಹೊಟ್ಟೆಬಾಕತನವಾಗಲಿ ಕಾರಣವಲ್ಲವೆಂದು ವಾದಿಸಲು ಅವರು ಈ ಚಟುವಟಿಕೆಯ ಜೀವನವನ್ನೇ ಆಧಾರವಾಗಿ ಮುಂದಿಟ್ಟರು. ತಮ್ಮ ತಂದೆ ತಾಯಿಯರ ಕಡೆಯಲ್ಲಿ ಸ್ಥೂಲಕಾಯದ ಪ್ರವೃತ್ತಿ ಇರಲಿಲ್ಲವೆಂದೂ ಅವರು ದಾಖಲಿಸಿದ್ದಾರೆ.

ಸ್ಥೂಲಕಾಯ ಮತ್ತು ವಿಫಲ ಚಿಕಿತ್ಸೆಗಳು

ಮೂವತ್ತರಿಂದ ನಲವತ್ತರ ವಯಸ್ಸಿನ ನಡುವೆ ಬ್ಯಾಂಟಿಂಗ್ ಅವರ ತೂಕ ಏರತೊಡಗಿತು. ಆಗಿನಿಂದಲೇ ಅವರು ವೈದ್ಯರ ನೆರವು ಕೋರಿದರು. ಪ್ರಸಿದ್ಧ ಶಸ್ತ್ರವೈದ್ಯರೊಬ್ಬರು ದೈನಂದಿನ ಕೆಲಸಕ್ಕೆ ಮುನ್ನ ದೇಹಶ್ರಮ ಮಾಡುವಂತೆ ಸೂಚಿಸಿದರು. ಅದರಂತೆ ಅವರು ಭಾರವಾದ ದೋಣಿಯೊಂದನ್ನು ಇಟ್ಟುಕೊಂಡು, ಪ್ರತಿದಿನ ಮುಂಜಾನೆ ಒಂದೆರಡು ಗಂಟೆ ಹುಟ್ಟು ಹಾಕಿದರು. ತೋಳುಗಳಿಗೆ ಬಲ ಬಂದಿತು. ಆದರೆ ಅದರೊಡನೆ ಹಸಿವೂ ಹೆಚ್ಚಿತು, ಹಸಿವು ತಣಿಸಿದಂತೆ ತೂಕವೂ ಹೆಚ್ಚಿತು. ಕೊನೆಗೆ ವೈದ್ಯರೇ ಆ ವ್ಯಾಯಾಮವನ್ನು ಬಿಡುವಂತೆ ಹೇಳಿದರು.

ಮಿತವಾದ ಲಘು ಆಹಾರದ ಸಲಹೆಯನ್ನೂ ಅವರು ಪಾಲಿಸಿದರು. ಆದರೆ ಇಂತಹ ಆಹಾರದಲ್ಲಿ ಏನೇನಿರಬೇಕು, ಏನಿರಬಾರದು ಎಂಬ ಖಚಿತ ನಿರ್ದೇಶನ ಅವರಿಗೆ ದೊರೆತಿರಲಿಲ್ಲ. ಇದರಿಂದ ದೇಹ ನಿತ್ರಾಣಗೊಂಡು ಮೈಮೇಲೆ ಕುರುಗಳೆದ್ದವು. ಎರಡು ದೊಡ್ಡ ಕುರುಗಳಿಗೆ ಶಸ್ತ್ರಚಿಕಿತ್ಸೆ ಆಗಬೇಕಾಯಿತು. ಚೇತರಿಕೆಗಾಗಿ ನೀಡಿದ ಪುಷ್ಟಿಕರ ಆಹಾರದಿಂದ ತೂಕ ಮೊದಲಿಗಿಂತಲೂ ಹೆಚ್ಚಾಯಿತು.

ಮುಂದಿನ ವರ್ಷಗಳಲ್ಲಿ ಅವರು ಆ ಕಾಲದಲ್ಲಿ ರೂಢಿಯಲ್ಲಿದ್ದ ಬಹುತೇಕ ಉಪಾಯಗಳನ್ನೆಲ್ಲ ಪ್ರಯತ್ನಿಸಿದರು. ಸಮುದ್ರಸ್ನಾನ, ದೀರ್ಘ ನಡಿಗೆ ಮತ್ತು ಕುದುರೆ ಸವಾರಿ ಮಾಡಿದರು. ಪೊಟ್ಯಾಸಿಯಂ ಕ್ಷಾರದ್ರಾವಣವನ್ನು ಔಷಧಿಯಾಗಿ ಸೇವಿಸಿದರು. ಖನಿಜಜಲಕ್ಕೆ ಹೆಸರಾದ ಲೆಮಿಂಗ್ಟನ್, ಚೆಲ್ಟೆನ್‌ಹ್ಯಾಮ್ ಮತ್ತು ಹ್ಯಾರೊಗೇಟ್ ಊರುಗಳಿಗೆ ಹೋಗಿ ಅಲ್ಲಿನ ನೀರನ್ನು ಕುಡಿದರು. ಟರ್ಕಿಷ್ ಸ್ನಾನಗೃಹಗಳಲ್ಲಿ ವಾರಕ್ಕೆ ಮೂರು ಬಾರಿಯವರೆಗೂ ಬೆವರು ಸುರಿಸಿದರು. ಇಂತಹ ಸುಮಾರು ಐವತ್ತು ಸ್ನಾನಗಳ ನಂತರ ಇಳಿದ ತೂಕ ಕೇವಲ 6 ಪೌಂಡ್, ಎಂದರೆ ಮೂರು ಕಿಲೋಗ್ರಾಂಗೂ ಕಡಿಮೆ.

ವಯಸ್ಸಾದಂತೆ ತೂಕ ಹೆಚ್ಚುವುದು ಸಹಜ, ತಮಗೂ ವರ್ಷಕ್ಕೆ ಒಂದು ಪೌಂಡ್ ಏರುತ್ತಿದೆ ಎಂದು ಹೇಳಿ ಸಮಾಧಾನಪಡಿಸಿದ ವೈದ್ಯರೂ ಇದ್ದರು. ಸ್ಥೂಲಕಾಯವನ್ನು ಒಂದು ವ್ಯಾಧಿಯೆಂದು ಪರಿಗಣಿಸದೆ, ವಯಸ್ಸಿನ ಲಕ್ಷಣವೆಂದೋ ಶ್ರಮದ ಕೊರತೆಯೆಂದೋ ಬಗೆದದ್ದೇ ತಮ್ಮ ವೈದ್ಯರ ಮುಖ್ಯ ದೋಷವೆಂಬುದು ಬ್ಯಾಂಟಿಂಗ್ ಅವರ ಅಭಿಪ್ರಾಯವಾಗಿತ್ತು.

1862ರ ಸ್ಥಿತಿ

1862ರ ಆಗಸ್ಟಿನಲ್ಲಿ ಬ್ಯಾಂಟಿಂಗ್ ಅವರ ತೂಕ 202 ಪೌಂಡ್ (ಸುಮಾರು 92 ಕಿಲೋಗ್ರಾಂ) ಇತ್ತು. ಎತ್ತರ 5 ಅಡಿ 5 ಅಂಗುಲ. ಇಂದು ಬಳಕೆಯಲ್ಲಿರುವ ಶರೀರ ದ್ರವ್ಯರಾಶಿ ಸೂಚ್ಯಂಕದ (ಬಿಎಂಐ) ಪ್ರಕಾರ ಇದು ಸುಮಾರು 33.6 ಆಗುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಮಾನದಂಡದಲ್ಲಿ 30 ಮತ್ತು ಅದಕ್ಕಿಂತ ಹೆಚ್ಚಿನ ಸೂಚ್ಯಂಕವನ್ನು ಸ್ಥೂಲಕಾಯವೆಂದು ಪರಿಗಣಿಸಲಾಗುತ್ತದೆ.

ಈ ಹೊತ್ತಿಗೆ ಅವರಿಗೆ ಬಾಗಿ ಬೂಟಿನ ದಾರವನ್ನು ಕಟ್ಟಿಕೊಳ್ಳಲಾಗುತ್ತಿರಲಿಲ್ಲ. ಮಂಡಿ ಮತ್ತು ಹರಡುಗಳ ಮೇಲೆ ಭಾರ ಬೀಳದಿರಲೆಂದು ಮೆಟ್ಟಿಲುಗಳನ್ನು ಹಿಮ್ಮುಖವಾಗಿ, ನಿಧಾನವಾಗಿ ಇಳಿಯುತ್ತಿದ್ದರು. ಸ್ವಲ್ಪ ಶ್ರಮಪಟ್ಟರೂ ಏದುಸಿರು ಬರುತ್ತಿತ್ತು. ಹೊಕ್ಕುಳ ಭಾಗದಲ್ಲಿ ಹರ್ನಿಯಾ ಉಂಟಾಗಿತ್ತು. ದೃಷ್ಟಿ ಮಂದವಾಗಿ ಶ್ರವಣಶಕ್ತಿಯೂ ಕುಂದತೊಡಗಿತ್ತು.

ದೈಹಿಕ ಕಷ್ಟಗಳಷ್ಟೇ ಅವಮಾನವೂ ಅವರನ್ನು ನೋಯಿಸಿತು. ಸಾರ್ವಜನಿಕ ಸಭೆಗಳಲ್ಲಿ, ವಾಹನಗಳಲ್ಲಿ ಮತ್ತು ಬೀದಿಗಳಲ್ಲಿ ಎದುರಾಗುತ್ತಿದ್ದ ಕುಹಕದ ಮಾತುಗಳಿಂದಾಗಿ ಅವರು ಸಾಧ್ಯವಾದಷ್ಟೂ ಜನರಿಂದ ದೂರ ಉಳಿಯತೊಡಗಿದ್ದರು. ಸ್ಥೂಲಕಾಯದ ವ್ಯಕ್ತಿ ಅನುಭವಿಸುವ ಈ ಸಂಕೋಚವನ್ನು ಮುಚ್ಚುಮರೆಯಿಲ್ಲದೆ ಬರೆದದ್ದು ಅವರ ಕೃತಿಗೆ ದೊರೆತ ಜನಪ್ರಿಯತೆಗೆ ಒಂದು ಕಾರಣವೆಂದು ಹೇಳಬಹುದು.

ವಿಲಿಯಂ ಹಾರ್ವೆ ಅವರ ಭೇಟಿ

ಬ್ಯಾಂಟಿಂಗ್ ಅವರಿಗೆ ಪರಿಹಾರ ದೊರೆತದ್ದು ತೂಕಕ್ಕಾಗಿ ಕಂಡ ವೈದ್ಯರಿಂದಲ್ಲ, ಕಿವಿಯ ವೈದ್ಯರಿಂದ. ಶ್ರವಣದೋಷಕ್ಕಾಗಿ ಅವರು ಮೊದಲು ಕಂಡ ತಜ್ಞರು ಅದನ್ನು ಹಗುರವಾಗಿ ತೆಗೆದುಕೊಂಡಿದ್ದರು. ಅವರ ಚಿಕಿತ್ಸೆಯಿಂದ ಗುಣ ಕಾಣಲಿಲ್ಲ. ಮತ್ತೆ ಕಾಣಲು ಹೋದಾಗ ಆ ತಜ್ಞರು ರಜೆಯ ಮೇಲೆ ಊರಿನಲ್ಲಿರಲಿಲ್ಲ. ಆಗ ಬ್ಯಾಂಟಿಂಗ್ ಲಂಡನ್ನಿನ ಸೋಹೊ ಸ್ಕ್ವೇರಿನಲ್ಲಿದ್ದ ಕಿವಿಯ ಶಸ್ತ್ರವೈದ್ಯ ವಿಲಿಯಂ ಹಾರ್ವೆ ಅವರ ಬಳಿಗೆ ಹೋದರು. (ರಕ್ತಪರಿಚಲನೆಯನ್ನು ನಿರೂಪಿಸಿದ ಹದಿನೇಳನೆಯ ಶತಮಾನದ ವಿಲಿಯಂ ಹಾರ್ವೆ ಬೇರೆ.)

ಹಾರ್ವೆ ಅವರು ಪ್ಯಾರಿಸ್ಸಿನಲ್ಲಿ ಶರೀರವಿಜ್ಞಾನಿ ಕ್ಲೋಡ್ ಬರ್ನಾರ್ಡ್ ಅವರ ಉಪನ್ಯಾಸಗಳನ್ನು ಕೇಳಿದ್ದರು. ಯಕೃತ್ತು ಪಿತ್ತರಸವನ್ನಷ್ಟೇ ಅಲ್ಲದೆ ಸಕ್ಕರೆಯಂತಹ ಪದಾರ್ಥವನ್ನೂ ಉತ್ಪಾದಿಸುತ್ತದೆ ಎಂಬುದು ಬರ್ನಾರ್ಡ್ ಅವರ ಮಹತ್ವದ ಶೋಧ. ಮಧುಮೇಹಿಗಳಿಗೆ ಸಕ್ಕರೆ ಮತ್ತು ಪಿಷ್ಟವಿರುವ ಆಹಾರವನ್ನು ಕಡಿಮೆ ಮಾಡುವ ಪದ್ಧತಿ ಆಗಲೇ ಇತ್ತು. ಹೊಲಗಳಲ್ಲಿ ಪ್ರಾಣಿಗಳನ್ನು ಕೊಬ್ಬಿಸಲು ಸಕ್ಕರೆ ಮತ್ತು ಪಿಷ್ಟದ ಮೇವನ್ನು ಕೊಡುವುದೂ ತಿಳಿದ ಸಂಗತಿಯಾಗಿತ್ತು. ಇವೆರಡನ್ನೂ ಸೇರಿಸಿ ಯೋಚಿಸಿದ ಹಾರ್ವೆ, ಅದೇ ಆಹಾರವನ್ನು ತಡೆದರೆ ಮನುಷ್ಯರ ಬೊಜ್ಜೂ ಇಳಿಯಬೇಕೆಂಬ ನಿರ್ಣಯಕ್ಕೆ ಬಂದರು. ಬ್ಯಾಂಟಿಂಗ್ ಅವರ ಶ್ರವಣದೋಷಕ್ಕೂ ಕೊಬ್ಬೇ ಕಾರಣವೆಂದು ಊಹಿಸಿ, ಈ ಆಹಾರಕ್ರಮವನ್ನು ಸೂಚಿಸಿದರು.

ಆಹಾರಕ್ರಮ

ಆವರೆಗೆ ಬ್ಯಾಂಟಿಂಗ್ ಅವರ ಆಹಾರದಲ್ಲಿ ಬ್ರೆಡ್, ಬೆಣ್ಣೆ, ಹಾಲು, ಸಕ್ಕರೆ, ಬಿಯರ್ ಮತ್ತು ಆಲೂಗಡ್ಡೆ ಪ್ರಧಾನವಾಗಿದ್ದವು. ಮುಂಜಾನೆ ಹಾಲಿನಲ್ಲಿ ನೆನೆಸಿದ ಬ್ರೆಡ್ ಅಥವಾ ಹೇರಳ ಹಾಲು, ಸಕ್ಕರೆ ಹಾಕಿದ ಚಹಾದೊಡನೆ ಬೆಣ್ಣೆ ಸವರಿದ ಟೋಸ್ಟ್, ಮಧ್ಯಾಹ್ನ ಮಾಂಸದೊಡನೆ ಬಿಯರ್, ಬ್ರೆಡ್ ಮತ್ತು ಪೇಸ್ಟ್ರಿ, ರಾತ್ರಿ ಹಣ್ಣಿನ ಸಿಹಿ ತಿನಿಸು ಅಥವಾ ಮತ್ತೆ ಹಾಲು ಬ್ರೆಡ್ ಸೇವಿಸುತ್ತಿದ್ದರು. ಈ ಆರು ಪದಾರ್ಥಗಳನ್ನು ಆದಷ್ಟು ವರ್ಜಿಸುವಂತೆ ಹಾರ್ವೆ ಹೇಳಿದರು. ಹೊಸ ಆಹಾರಕ್ರಮ ಸ್ಥೂಲವಾಗಿ ಹೀಗಿತ್ತು:

• ಬೆಳಗಿನ ಉಪಾಹಾರ: 4ರಿಂದ 5 ಔನ್ಸ್ (ಸುಮಾರು 115–140 ಗ್ರಾಂ) ಮಾಂಸ ಅಥವಾ ಸುಟ್ಟ ಮೀನು; ಹಾಲು, ಸಕ್ಕರೆಯಿಲ್ಲದ ಒಂದು ದೊಡ್ಡ ಬಟ್ಟಲು ಚಹಾ; ಒಂದು ಸಣ್ಣ ಬಿಸ್ಕತ್ತು ಅಥವಾ ಒಂದು ಔನ್ಸ್ ಒಣ ಟೋಸ್ಟ್.
• ಮಧ್ಯಾಹ್ನದ ಊಟ: 5ರಿಂದ 6 ಔನ್ಸ್ (ಸುಮಾರು 140–170 ಗ್ರಾಂ) ಮೀನು ಅಥವಾ ಮಾಂಸ, ಆಲೂಗಡ್ಡೆ ಹೊರತುಪಡಿಸಿ ಯಾವುದೇ ತರಕಾರಿ, ಒಂದು ಔನ್ಸ್ ಒಣ ಟೋಸ್ಟ್, ಬೇಯಿಸಿದ ಹಣ್ಣು, ಎರಡು ಮೂರು ಲೋಟ ಕ್ಲಾರೆಟ್, ಶೆರಿ ಅಥವಾ ಮಡೀರಾ ವೈನ್.
• ಸಂಜೆ: 2ರಿಂದ 3 ಔನ್ಸ್ ಹಣ್ಣು, ಒಂದೆರಡು ರಸ್ಕ್, ಹಾಲು, ಸಕ್ಕರೆಯಿಲ್ಲದ ಚಹಾ.
• ರಾತ್ರಿಯ ಊಟ: 3ರಿಂದ 4 ಔನ್ಸ್ ಮಾಂಸ ಅಥವಾ ಮೀನು, ಒಂದೆರಡು ಲೋಟ ಕ್ಲಾರೆಟ್.

ಮಾಂಸಗಳಲ್ಲಿ ಹಂದಿಮಾಂಸ ಮತ್ತು ಮೀನುಗಳಲ್ಲಿ ಸಾಲ್ಮನ್ ವರ್ಜ್ಯವಾಗಿದ್ದವು. ಮದ್ಯಗಳಲ್ಲಿ ಬಿಯರ್, ಷಾಂಪೇನ್ ಮತ್ತು ಪೋರ್ಟ್ ವೈನ್ ನಿಷಿದ್ಧವಾಗಿದ್ದವು. ಬೇಕೆನಿಸಿದರೆ ಮಲಗುವ ಮುನ್ನವೂ ಸಕ್ಕರೆಯಿಲ್ಲದ ಮದ್ಯಕ್ಕೆ ಅವಕಾಶವಿತ್ತು.

ಬ್ಯಾಂಟಿಂಗ್ ಇದನ್ನು ಉಪವಾಸವೆಂದು ಭಾವಿಸಲಿಲ್ಲ. ಹಿಂದಿನ ಊಟಕ್ಕಿಂತ ಇದು ರುಚಿಕರವೆಂದೂ ಯಥೇಚ್ಛವೆಂದೂ ಅವರಿಗೆ ಅನಿಸಿತು. ಆಹಾರದ ಪ್ರಮಾಣಕ್ಕಿಂತ ಅದರ ಗುಣವೇ ಮುಖ್ಯವೆಂಬ ತೀರ್ಮಾನಕ್ಕೆ ಅವರು ಬಂದರು.

ಫಲಿತಾಂಶ

ವ್ಯಾಪಾರದಲ್ಲಿದ್ದ ಲೆಕ್ಕದ ಶಿಸ್ತನ್ನು ಬ್ಯಾಂಟಿಂಗ್ ತಮ್ಮ ದೇಹಕ್ಕೂ ಅನ್ವಯಿಸಿದರು. ಆಗಾಗ ತೂಕ ನೋಡಿಸಿ, ದಿನಾಂಕದೊಡನೆ ಬರೆದಿಟ್ಟು, ಆ ಪಟ್ಟಿಯನ್ನು ಮುಂದೆ ಪ್ರಕಟಿಸಿದರು. ತೂಕ ವಾರಕ್ಕೆ ಸರಾಸರಿ ಒಂದು ಪೌಂಡಿನಷ್ಟು ಇಳಿಯುತ್ತ ಬಂದಿತು. ಸುಮಾರು ಒಂದು ವರ್ಷದಲ್ಲಿ 46 ಪೌಂಡ್ (ಸುಮಾರು 21 ಕಿಲೋಗ್ರಾಂ) ಕಡಿಮೆಯಾಗಿ, 156 ಪೌಂಡಿಗೆ ಬಂದರು. ಸೊಂಟದ ಸುತ್ತಳತೆ 12¼ ಅಂಗುಲ (ಸುಮಾರು 31 ಸೆಂಟಿಮೀಟರ್) ಕುಗ್ಗಿತು.

ಮೆಟ್ಟಿಲುಗಳನ್ನು ಎಲ್ಲರಂತೆ ಮುಮ್ಮುಖವಾಗಿ ಇಳಿಯುವುದು, ಬಾಗಿ ನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳುವುದು ಅವರಿಗೆ ಮತ್ತೆ ಸಾಧ್ಯವಾಯಿತು. ಮಂಡಿಗೆ ಕಟ್ಟುತ್ತಿದ್ದ ಪಟ್ಟಿಗಳನ್ನು ಬಿಟ್ಟರು. ಹರ್ನಿಯಾದ ಬಾಧೆ ತಗ್ಗಿತು. ದೃಷ್ಟಿ ಮತ್ತು ಶ್ರವಣ ಎರಡೂ ಸುಧಾರಿಸಿದವೆಂದು ಅವರು ದಾಖಲಿಸಿದ್ದಾರೆ. ಇಳಿದ ನಂತರವೂ ಅವರ ಬಿಎಂಐ ಸುಮಾರು 26 ಇದ್ದುದನ್ನು ಗಮನಿಸಬಹುದು. ತೆಳ್ಳಗಾಗುವುದಕ್ಕಿಂತ ನಿತ್ಯಜೀವನ ಸುಗಮವಾದುದೇ ಅವರ ದೃಷ್ಟಿಯಲ್ಲಿ ನಿಜವಾದ ಲಾಭವಾಗಿತ್ತು.

ಕಿರುಹೊತ್ತಿಗೆಯ ಪ್ರಕಟಣೆ

ತಮ್ಮ ಅನುಭವ ಇತರರಿಗೂ ನೆರವಾಗಲೆಂಬ ಉದ್ದೇಶದಿಂದ ಬ್ಯಾಂಟಿಂಗ್ 1863ರಲ್ಲಿ 'ಲೆಟರ್ ಆನ್ ಕಾರ್ಪ್ಯುಲೆನ್ಸ್, ಅಡ್ರೆಸ್ಡ್ ಟು ದ ಪಬ್ಲಿಕ್' (ಸ್ಥೂಲಕಾಯವನ್ನು ಕುರಿತು ಸಾರ್ವಜನಿಕರಿಗೆ ಪತ್ರ) ಎಂಬ ಕಿರುಹೊತ್ತಿಗೆಯನ್ನು ಹೊರತಂದರು. ಮೊದಲ ಮುದ್ರಣವನ್ನು ಸ್ವಂತ ಖರ್ಚಿನಲ್ಲಿ ಮಾಡಿಸಿ ಉಚಿತವಾಗಿ ಹಂಚಿದರು. ಬೇಡಿಕೆ ಹೆಚ್ಚಿದಾಗ ಕೃತಿಯನ್ನು ಮಾರಾಟಕ್ಕೆ ಬಿಡಲಾಯಿತು. ಬಂದ ಲಾಭವನ್ನು ಅವರು ದಾನಧರ್ಮಗಳಿಗೆ ನೀಡಿದರು. 1869ರಲ್ಲಿ ನಾಲ್ಕನೆಯ ಆವೃತ್ತಿ ಬರುವ ವೇಳೆಗೆ ಅರವತ್ತು ಸಾವಿರಕ್ಕೂ ಹೆಚ್ಚು ಪ್ರತಿಗಳು ಜನರ ಕೈಸೇರಿದ್ದವು. ಕೃತಿ ಫ್ರೆಂಚ್ ಮತ್ತು ಜರ್ಮನ್ ಭಾಷೆಗಳಿಗೂ ಅನುವಾದಗೊಂಡಿತು.

ಓದುಗರಿಂದ ಬ್ಯಾಂಟಿಂಗ್ ಅವರಿಗೆ ಸಾವಿರಕ್ಕೂ ಹೆಚ್ಚು ಪತ್ರಗಳು ಬಂದವು. ಅವುಗಳಿಂದ ದೊರೆತ ಮಾಹಿತಿಯನ್ನು ಅವರು ನಂತರದ ಆವೃತ್ತಿಯಲ್ಲಿ ಸೇರಿಸಿದರು. ಈ ಆಹಾರಕ್ರಮ ತಮ್ಮ ಶೋಧವೆಂದು ಅವರು ಎಂದೂ ಹೇಳಿಕೊಳ್ಳಲಿಲ್ಲ. ಅದರ ಶ್ರೇಯಸ್ಸನ್ನು ಹಾರ್ವೆ ಅವರಿಗೇ ಸಲ್ಲಿಸಿದರು.

ವೈದ್ಯಲೋಕದ ಪ್ರತಿಕ್ರಿಯೆ

ಕೃತಿಯ ಜನಪ್ರಿಯತೆ ವೈದ್ಯಲೋಕದಲ್ಲಿ ತೀವ್ರ ಅಸಮಾಧಾನ ಮೂಡಿಸಿತು. ಪ್ರಮುಖ ವೈದ್ಯಕೀಯ ಪತ್ರಿಕೆ 'ದ ಲ್ಯಾನ್ಸೆಟ್' ಅದನ್ನು ಟೀಕಿಸಿತು. ವೈದ್ಯರಲ್ಲದವರು ವೈದ್ಯಕೀಯ ವಿಷಯದಲ್ಲಿ ಕೈಹಾಕುವುದು ಸಲ್ಲದು, ಹೇಳಿರುವುದರಲ್ಲಿ ಹೊಸತೇನೂ ಇಲ್ಲ, ಮಾಂಸಪ್ರಧಾನ ಆಹಾರ ಎಲ್ಲರಿಗೂ ಸುರಕ್ಷಿತವಲ್ಲ ಎಂಬುವು ಆ ಕಾಲದ ಮುಖ್ಯ ಆಕ್ಷೇಪಗಳು.

ಈ ಆಕ್ಷೇಪಗಳಲ್ಲಿ ಕೆಲವು ನಿರಾಧಾರವಾಗಿರಲಿಲ್ಲ. ಫ್ರಾನ್ಸಿನ ಬ್ರಿಯಾ-ಸವರೆ 1825ರಲ್ಲಿಯೇ ಪಿಷ್ಟ ಪದಾರ್ಥಗಳನ್ನು ಬೊಜ್ಜಿನ ಕಾರಣವೆಂದು ಬರೆದಿದ್ದರು. ಒಬ್ಬ ವ್ಯಕ್ತಿಯ ಅನುಭವವನ್ನು ಎಲ್ಲರಿಗೂ ಅನ್ವಯಿಸುವುದು ಅಪಾಯಕರವೆಂಬ ಎಚ್ಚರಿಕೆಯೂ ಸರಿಯಾದುದೇ. ಆದರೆ ಹಲವು ವರ್ಷ ವೈದ್ಯರನ್ನು ಕಂಡೂ ಪ್ರಯೋಜನ ಪಡೆಯದ ರೋಗಿಯೊಬ್ಬರು ಎತ್ತಿದ್ದ ಮೂಲ ಪ್ರಶ್ನೆಗೆ ಇವುಗಳಲ್ಲಿ ಉತ್ತರವಿರಲಿಲ್ಲ. ವಿಧಾನ ಹಳೆಯದಾಗಿದ್ದರೆ ಅದನ್ನು ತಮಗೆ ಮೊದಲೇ ಏಕೆ ತಿಳಿಸಲಿಲ್ಲ ಎಂಬುದೇ ಆ ಪ್ರಶ್ನೆ.

ಬ್ಯಾಂಟಿಂಗ್ ಅವರನ್ನು ವೈದ್ಯವಿರೋಧಿಯೆಂದು ಬಣ್ಣಿಸುವುದು ಸರಿಯಲ್ಲ. ಅವರ ವಿಧಾನ ಬಂದದ್ದು ವೈದ್ಯರಿಂದಲೇ. ವೈದ್ಯರು ಕಾರಣವನ್ನು ಗುರುತಿಸಿ ಖಚಿತ ನಿರ್ದೇಶನ ನೀಡಿದರು. ರೋಗಿ ಅದನ್ನು ದಿನದಿನವೂ ಪಾಲಿಸಿ, ಅಳೆದು, ದಾಖಲಿಸಿದರು. ಅವರ ಯಶಸ್ಸಿನಲ್ಲಿ ಈ ಎರಡರ ಪಾಲೂ ಇದೆ. ಹಾರ್ವೆ ಸಹ 1872ರಲ್ಲಿ ಸ್ಥೂಲಕಾಯ ಮತ್ತು ರೋಗಗಳ ಸಂಬಂಧವನ್ನು ಕುರಿತು ತಮ್ಮದೇ ಪುಸ್ತಕವನ್ನು ಪ್ರಕಟಿಸಿದರು.

ಕೊನೆಯ ದಿನಗಳು

ಬ್ಯಾಂಟಿಂಗ್ ತಮ್ಮ ಉತ್ತರಾರ್ಧ ಜೀವನವನ್ನು ಲಂಡನ್ನಿನ ಕೆನ್ಸಿಂಗ್ಟನ್ನಿನಲ್ಲಿ ಕಳೆದರು. ಕೃತಿ ಪ್ರಕಟವಾದ ಮೇಲೆ ಸುಮಾರು ಹದಿನೈದು ವರ್ಷ ಬದುಕಿದ್ದು, 16 ಮಾರ್ಚ್ 1878ರಂದು, 81ನೆಯ ವಯಸ್ಸಿನಲ್ಲಿ ನಿಧನರಾದರು. ಅವರ ಸಮಾಧಿ ಬ್ರಾಂಪ್ಟನ್ ಸ್ಮಶಾನದಲ್ಲಿದೆ.

ಪ್ರಭಾವ

ಬ್ಯಾಂಟಿಂಗ್ ಅವರ ಹೆಸರು ಅವರ ಜೀವಿತಕಾಲದಲ್ಲಿಯೇ ಇಂಗ್ಲಿಷಿನಲ್ಲಿ ತೂಕ ಇಳಿಸಲು ಪಥ್ಯ ಮಾಡುವುದನ್ನು ಸೂಚಿಸುವ ಪದವಾಯಿತು. ಇಂಗ್ಲಿಷಿನಲ್ಲಿ ಈ ಬಳಕೆ ಕಾಲಕ್ರಮದಲ್ಲಿ ಮರೆಯಾಯಿತಾದರೂ ಸ್ವೀಡಿಷ್ ಭಾಷೆಯಲ್ಲಿ ಪಥ್ಯ ಮಾಡುವುದಕ್ಕೆ 'ಬಾಂಟಾ' ಎಂಬ ಕ್ರಿಯಾಪದ ಇಂದಿಗೂ ನಿತ್ಯಬಳಕೆಯಲ್ಲಿದೆ.

ಜರ್ಮನಿಯಲ್ಲಿ ವೈದ್ಯರು ಈ ಕ್ರಮವನ್ನು ಪರಿಷ್ಕರಿಸಿದರು. ವಿಲ್‌ಹೆಲ್ಮ್ ಎಬ್‌ಸ್ಟೈನ್ 1880ರ ದಶಕದಲ್ಲಿ ಪಿಷ್ಟವನ್ನು ತಗ್ಗಿಸಿ ಕೊಬ್ಬಿಗೆ ಅವಕಾಶ ನೀಡುವ ಕ್ರಮವನ್ನು ಪ್ರತಿಪಾದಿಸಿದರು. ಇಪ್ಪತ್ತನೆಯ ಶತಮಾನದಲ್ಲಿ ಪ್ರಸಿದ್ಧಿಗೆ ಬಂದ ಆಟ್‌ಕಿನ್ಸ್ ಮೊದಲಾದ ಕಡಿಮೆ ಕಾರ್ಬೋಹೈಡ್ರೇಟ್ ಆಹಾರಕ್ರಮಗಳ ಇತಿಹಾಸವನ್ನು ಸಾಮಾನ್ಯವಾಗಿ ಬ್ಯಾಂಟಿಂಗ್ ಅವರಿಂದ ಆರಂಭಿಸಲಾಗುತ್ತದೆ. ದಕ್ಷಿಣ ಆಫ್ರಿಕಾದಲ್ಲಿ ವಿಜ್ಞಾನಿ ಟಿಮ್ ನೋಕ್ಸ್ ಅವರು 2010ರ ದಶಕದಲ್ಲಿ ಪ್ರಚಾರಗೊಳಿಸಿದ ಹೆಚ್ಚು ಕೊಬ್ಬಿನ ಆಹಾರಕ್ರಮ ಅಲ್ಲಿ 'ಬ್ಯಾಂಟಿಂಗ್' ಎಂಬ ಹೆಸರಿನಿಂದಲೇ ಪರಿಚಿತವಾಗಿದೆ. ಆದರೆ ಮೂಲ ಕ್ರಮದಲ್ಲಿ ಬೆಣ್ಣೆ ಮತ್ತು ಹಂದಿಮಾಂಸ ವರ್ಜ್ಯವಾಗಿದ್ದುದರಿಂದ ಎರಡೂ ಒಂದೇ ಅಲ್ಲ.

ಇಂದಿನ ದೃಷ್ಟಿಯಲ್ಲಿ

ಆಧುನಿಕ ಪೌಷ್ಟಿಕ ವಿಜ್ಞಾನದ ದೃಷ್ಟಿಯಿಂದ ಬ್ಯಾಂಟಿಂಗ್ ಅವರ ವೃತ್ತಾಂತ ಒಬ್ಬ ವ್ಯಕ್ತಿಯ ಅನುಭವದ ದಾಖಲೆ ಮಾತ್ರ. ಸಕ್ಕರೆ, ಬಿಯರ್, ಪೇಸ್ಟ್ರಿ ಮತ್ತು ಬ್ರೆಡ್ಡುಗಳನ್ನು ಬಿಟ್ಟಾಗ ಒಟ್ಟು ಶಕ್ತಿಯ ಸೇವನೆಯೂ ಇಳಿಯುವುದರಿಂದ, ತೂಕ ಇಳಿದುದಕ್ಕೆ ಪಿಷ್ಟದ ಕೊರತೆಯೊಂದೇ ಕಾರಣವೆಂದು ಹೇಳಲಾಗದು. ಮಾಂಸಾಹಾರ ಹಸಿವನ್ನು ಹೆಚ್ಚು ಹೊತ್ತು ತಣಿಸುವುದೂ ಸಹಕಾರಿಯಾಗಿರಬಹುದು. ದಿನಕ್ಕೆ ಹಲವು ಲೋಟ ಮದ್ಯಸೇವನೆಯನ್ನು ಇಂದು ಯಾವ ವೈದ್ಯರೂ ಸೂಚಿಸುವುದಿಲ್ಲ. ಮಧುಮೇಹಕ್ಕೆ ಇನ್ಸುಲಿನ್ ಅಥವಾ ಮಾತ್ರೆ ತೆಗೆದುಕೊಳ್ಳುವವರು, ಮೂತ್ರಪಿಂಡದ ಕಾಯಿಲೆಯುಳ್ಳವರು ಮತ್ತು ಗರ್ಭಿಣಿಯರು ವೈದ್ಯರ ಮೇಲ್ವಿಚಾರಣೆಯಿಲ್ಲದೆ ಇಂತಹ ಬದಲಾವಣೆ ಮಾಡಿಕೊಳ್ಳುವುದು ಅಪಾಯಕರ.

ಆದರೂ ಅವರ ಬರಹದ ಕೆಲವು ಅಂಶಗಳು ಇಂದಿಗೂ ಮಹತ್ವ ಉಳಿಸಿಕೊಂಡಿವೆ. ಸ್ಥೂಲಕಾಯವನ್ನು ಶೀಲದ ದೋಷವೆಂದು ನೋಡದೆ ಚಿಕಿತ್ಸೆಗೆ ಅರ್ಹವಾದ ಸ್ಥಿತಿಯೆಂದು ಅವರು ವಾದಿಸಿದರು. ತಿನ್ನುವುದನ್ನು ಕಡಿಮೆ ಮಾಡಿ ಎಂಬ ಸಾಮಾನ್ಯ ಮಾತಿಗಿಂತ, ಪಾಲಿಸಬಹುದಾದ ಸ್ಪಷ್ಟ ನಿರ್ದೇಶನ ರೋಗಿಗೆ ಹೆಚ್ಚು ಉಪಯುಕ್ತವೆಂಬುದಕ್ಕೆ ಅವರ ಅನುಭವ ಒಂದು ನಿದರ್ಶನ. ನಿಯಮಿತವಾಗಿ ತೂಕ ನೋಡಿ ಬರೆದಿಡುವ ಅವರ ಅಭ್ಯಾಸ ಇಂದಿನ ತೂಕ ನಿರ್ವಹಣಾ ಕಾರ್ಯಕ್ರಮಗಳಲ್ಲಿಯೂ ಇದೆ.